ರೀಬಿಲ್ಡ್ ಮಾಡಿದ ಜೆಟ್ ಸ್ಕೀ ಎಂಜಿನ್: ಒಂದೇ ಕಡೆಯ ಪಿಸ್ಟನ್ ಮತ್ತೆ ಮತ್ತೆ ಸೀಜ್ ಆಗುತ್ತಿದೆ, ಎಲ್ಲಿ ಹುಡುಕಬೇಕು?

ಶರಾವತಿ_ಅಳಿವೆ:

ಎಲ್ಲರಿಗೂ ನಮಸ್ಕಾರ. ಗಾಡಿ 1997ರ ಸೀ-ಡೂ ಎಸ್‌ಪಿಎಕ್ಸ್. ಎಂಜಿನ್ ರೋಟ್ಯಾಕ್ಸ್ 787, ಎರಡು ಸಿಲಿಂಡರ್, ರೋಟರಿ ವಾಲ್ವ್ (ಇಂಟೇಕ್ ತೆರೆದು ಮುಚ್ಚುವ ತಿರುಗುವ ತಟ್ಟೆ), ಎಕ್ಸಾಸ್ಟಿನಲ್ಲಿ ರೇವ್ ವಾಲ್ವ್ (ಎಕ್ಸಾಸ್ಟ್ ಪೋರ್ಟಿನ ಎತ್ತರ ಬದಲಿಸುವ ಬ್ಲೇಡ್), ಮಿಕುನಿ 40 ಎಂಎಂ ಕಾರ್ಬೊರೇಟರ್ ಎರಡು. ಓಡುವುದು ಹೊನ್ನಾವರದ ಅಳಿವೆಯಲ್ಲಿ. ನೀರು ಉಪ್ಪು, ಇಳಿತದ ಹೊತ್ತಿನಲ್ಲಿ ಮರಳೂ ಸೇರುತ್ತದೆ.

ತೊಂದರೆ ಹೀಗಿದೆ. ಸ್ಟಾರ್ಟ್ ಚೆನ್ನಾಗಿದೆ, ಅರ್ಧ ಥ್ರಾಟಲ್‌ವರೆಗೆ ಯಾವ ದೂರೂ ಇಲ್ಲ. ಫುಲ್ ಥ್ರಾಟಲ್‌ನಲ್ಲಿ ಎರಡು ಮೂರು ನಿಮಿಷ ಹೋದರೆ ವೇಗ ಕುಗ್ಗಿ ಎಂಜಿನ್ ಹಿಡಿದು ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ತಿರುಗುತ್ತದೆ, ಆದರೆ ಕಂಪ್ರೆಷನ್ ಪಿಟಿಓ ಕಡೆ (ಜೆಟ್ ಪಂಪ್ ತಿರುಗಿಸುವ ಬದಿ) 150 ಪಿಎಸ್‌ಐ ಇದ್ದರೆ ಮ್ಯಾಗ್ ಕಡೆ (ಫ್ಲೈವೀಲ್ ಇರುವ ಬದಿ) 95. ಪ್ರತಿ ಸಲವೂ ಹೋಗುವುದು ಮ್ಯಾಗ್ ಪಿಸ್ಟನ್ನೇ. ಎಕ್ಸಾಸ್ಟ್ ಬದಿಯಲ್ಲಿ ತಲೆಯಿಂದ ಸ್ಕರ್ಟ್‌ವರೆಗೆ ಉಜ್ಜಿದ ಗೆರೆ, ರಿಂಗ್ ಅಂಟಿಕೊಂಡಿದೆ. ಇಂಟೇಕ್ ಬದಿ ಸ್ವಚ್ಛ. ಪಿನ್ ಮತ್ತು ಬೇರಿಂಗಿನಲ್ಲಿ ಆಯಿಲ್ ಇದೆ. ಪ್ಲಗ್ ಮ್ಯಾಗ್ ಕಡೆ ಸುಣ್ಣದಂತೆ ಬಿಳಿ, ಪಿಟಿಓ ಕಡೆ ಕಂದು.

ಕೊನೆಯ ರೀಬಿಲ್ಡಿನಲ್ಲಿ ಎರಡೂ ಬೋರನ್ನು (ಸಿಲಿಂಡರಿನ ಒಳಗೋಡೆ) 0.5 ಎಂಎಂ ಓವರ್‌ಸೈಜ್ ಮಾಡಿ ಫೋರ್ಜ್ಡ್ ಪಿಸ್ಟನ್ ಹಾಕಲಾಗಿದೆ. ಪಿಸ್ಟನ್ ಮತ್ತು ಬೋರ್ ನಡುವಿನ ಕ್ಲಿಯರೆನ್ಸ್ 0.08 ಎಂಎಂ ಎಂದು ಲೇತ್ ಅಂಗಡಿಯವರ ಮಾತು. ಪೆಟ್ರೋಲ್ ಬಂಕಿನ ಇ20 (ಶೇ. 20 ಎಥನಾಲ್ ಬೆರೆತದ್ದು). ಟ್ಯಾಂಕಿನಿಂದ ಬರುವ ಪೈಪುಗಳು ಗಾಡಿಯ ಜೊತೆ ಬಂದ ಬೂದು ಬಣ್ಣದವೇ. ಬೋರ್ ಬಿಗಿಯಾಗಿದೆಯೇ? ಅಥವಾ ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸಿದರೆ ಸರಿಯಾದೀತೇ?

ಬೋರ್‌ಗೇಜ್:

ಹಾಳಾದ ಪಿಸ್ಟನ್ ಎಸೆಯಬೇಡಿ ಸರ್, ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ ಅದೇ. ಕ್ಲಿಯರೆನ್ಸ್ ಬಿಗಿಯಾಗಿದ್ದರೆ, ಅಥವಾ ತಣ್ಣನೆಯ ಎಂಜಿನ್ನಿಗೆ ಏಕಾಏಕಿ ಥ್ರಾಟಲ್ ಕೊಟ್ಟರೆ, ಪಿನ್ನಿನ ಎರಡೂ ಪಕ್ಕಗಳಲ್ಲಿ ಒಟ್ಟು ನಾಲ್ಕು ಕಡೆ ಉಜ್ಜಿದ ಗುರುತು ಬೀಳುತ್ತದೆ. ಆಯಿಲ್ ಸಾಲದಿದ್ದರೆ ಇಂಟೇಕ್ ಬದಿಯೂ ಒಣಗಿ ಗೀಚಿಕೊಳ್ಳುತ್ತದೆ, ಪಿನ್ ನೀಲಿಗಟ್ಟುತ್ತದೆ. ತಂಪು ನೀರು ನಿಂತರೆ ಸುತ್ತಲೂ ಉಜ್ಜುತ್ತದೆ, ಸಾಮಾನ್ಯವಾಗಿ ಎರಡೂ ಸಿಲಿಂಡರ್ ಹೋಗುತ್ತವೆ. ಡೆಟೊನೇಷನ್ (ಮಿಶ್ರಣ ಸಿಡಿದಂತೆ ಉರಿಯುವುದು) ಆಗಿದ್ದರೆ ಪಿಸ್ಟನ್ ತಲೆಯ ಅಂಚಿನಲ್ಲಿ ಇಲಿ ಕಡಿದಂತೆ ತೂತು ತೂತು. ಎಕ್ಸಾಸ್ಟ್ ಬದಿ ಮಾತ್ರ ಉಜ್ಜಿ ಪ್ಲಗ್ ಬೆಳ್ಳಗಿದ್ದರೆ ಅದು ಲೀನ್ ಸೀಜರ್, ಅಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಡಿಮೆಯಾಗಿ ಹಿಡಿದದ್ದು. ಆ ಸಿಲಿಂಡರಿಗೆ ಪೆಟ್ರೋಲ್ ಕಡಿಮೆ ಬರುತ್ತಿದೆ ಅಥವಾ ಎಲ್ಲಿಂದಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ.

ಹಾಗಂತ 0.08ನ್ನು ಒಪ್ಪಿಕೊಂಡು ಸುಮ್ಮನಿರಬೇಡಿ. ಈ ಎಂಜಿನ್ನಿನ ಬೋರ್ 82 ಎಂಎಂ. ಫೋರ್ಜ್ಡ್ ಪಿಸ್ಟನ್ ಬಿಸಿಯಾದಾಗ ಎರಕದ ಪಿಸ್ಟನ್ನಿಗಿಂತ ಹೆಚ್ಚು ಹಿಗ್ಗುತ್ತದೆ. ಈ ಅಳತೆಯ ಫೋರ್ಜ್ಡ್‌ಗೆ ಸಾಮಾನ್ಯವಾಗಿ 0.10ರ ಮೇಲೆಯೇ ಬೇಕಾಗುತ್ತದೆ. ಡಬ್ಬಿಯೊಳಗಿನ ಚೀಟಿಯಲ್ಲಿ ಇರುವ ಅಂಕಿಯೇ ಅಂತಿಮ. ಪಿಸ್ಟನ್ನನ್ನು ಚೀಟಿ ಹೇಳಿದ ಎತ್ತರದಲ್ಲಿ, ಪಿನ್ನಿಗೆ ಅಡ್ಡಲಾಗಿ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಬೋರನ್ನು ಡಯಲ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಿರಿ. ಎರಡೂ ಒಂದೇ ತಾಪದಲ್ಲಿರಲಿ. ಬಿಸಿಲಲ್ಲಿಟ್ಟ ಬ್ಲಾಕ್, ನೆರಳಲ್ಲಿಟ್ಟ ಪಿಸ್ಟನ್ ಎಂದಾದರೆ ಆ ಅಂಕಿಗೆ ಬೆಲೆಯಿಲ್ಲ. ರಿಂಗ್ ಗ್ಯಾಪ್ 0.35ರಿಂದ 0.40 ಎಂಎಂ ಇರಲಿ.

ಓವರ್‌ಸೈಜ್ ಮಾಡಿದ 787ರಲ್ಲಿ ಹಲವರು ಮರೆಯುವ ಜಾಗ ರೇವ್ ವಾಲ್ವಿನ ಬ್ಲೇಡ್. ಬೋರ್ ದೊಡ್ಡದಾದಷ್ಟೂ ಗೋಡೆ ಹಿಂದೆ ಸರಿಯುತ್ತದೆ, ಬ್ಲೇಡ್ ಇದ್ದಲ್ಲೇ ಇರುತ್ತದೆ. ಬ್ಲೇಡನ್ನು ಪೂರ್ತಿ ಒಳಗೆ ತಳ್ಳಿ ಬೋರಿನೊಳಗೆ ಬೆರಳಾಡಿಸಿ ನೋಡಿ. ತುದಿ ಗೋಡೆಗಿಂತ ಮುಂದೆ ಬಂದಿದ್ದರೆ ಪಿಸ್ಟನ್ನಿಗೆ ತಾಗುತ್ತದೆ, ಅರದಲ್ಲಿ ಉಜ್ಜಿ ಹಿಂದೆ ಸರಿಸಲೇಬೇಕು. ಪೋರ್ಟುಗಳ ಅಂಚಿಗೂ ಸಣ್ಣ ಇಳಿಜಾರು ಕೊಟ್ಟಿದ್ದಾರೆಯೇ ನೋಡಿ. ಬೋರ್ ಮಾಡಿದ ಚೂಪು ಅಂಚನ್ನು ಹಾಗೇ ಬಿಟ್ಟರೆ ರಿಂಗ್ ಸಿಕ್ಕಿಕೊಳ್ಳುತ್ತದೆ.

ಕಾರ್ಬ್_ಮೇಜು:

ನನ್ನ ಮಟ್ಟಿಗೆ ಮೊದಲ ಅನುಮಾನ ಆ ಬೂದು ಪೈಪುಗಳ ಮೇಲೆ. ಆ ವರ್ಷಗಳ ಬೂದು ಪೈಪು ಹಳೆಯದಾದ ಮೇಲೆ ಒಳಗೋಡೆ ಕರಗಿ ಹಸಿರು ಅಂಟಾಗುತ್ತದೆ. ಆ ಅಂಟು ಹೋಗಿ ಕೂರುವುದು ಕಾರ್ಬೊರೇಟರಿನ ಒಳಗಿರುವ ಸಣ್ಣ ಜರಡಿಯಲ್ಲಿ. ಹೊರಗಿನ ಫಿಲ್ಟರ್ ಬಟ್ಟಲು ಸ್ವಚ್ಛವಾಗಿ ಕಾಣುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಅರ್ಧ ಥ್ರಾಟಲ್‌ಗೆ ಆ ಜರಡಿ ಸಾಕಾಗುವಷ್ಟು ಪೆಟ್ರೋಲ್ ಬಿಡುತ್ತದೆ, ಫುಲ್ ಥ್ರಾಟಲ್‌ಗೆ ಬಿಡುವುದಿಲ್ಲ. ನೀವು ಹೇಳಿದ ಎರಡು ಮೂರು ನಿಮಿಷದ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ. ಪಿಸ್ಟನ್ ಬದಲಿಸಿ ಪೈಪು ಹಾಗೇ ಬಿಟ್ಟರೆ ಹೊಸ ಪಿಸ್ಟನ್ನಿಗೂ ಅದೇ ಗತಿ.

ಎಲ್ಲ ಪೈಪನ್ನೂ ತೆಗೆದು, 6 ಎಂಎಂ ಒಳವ್ಯಾಸದ, ಎಥನಾಲ್ ತಡೆಯುವ ಮೆರೈನ್ ದರ್ಜೆಯ ಕಪ್ಪು ರಬ್ಬರ್ ಪೈಪು ಹಾಕಿ. ಆನ್-ರಿಸರ್ವ್ ಕಾಕ್ ಬಿಚ್ಚಿ ತೊಳೆಯಿರಿ, ಒಳಗೂ ಅದೇ ಅಂಟು ಇರುತ್ತದೆ. ಅದರ ಓ-ರಿಂಗ್ ಸವೆದಿದ್ದರೆ ಹೊರಗೆ ಪೆಟ್ರೋಲ್ ಸೋರದೆ ಒಳಗೆ ಗಾಳಿ ಎಳೆಯುತ್ತದೆ. ಫಿಲ್ಟರ್ ಬಟ್ಟಲಿನ ಓ-ರಿಂಗೂ ಹಾಗೆಯೇ.

ಕಾರ್ಬೊರೇಟರುಗಳನ್ನು ಪೂರ್ತಿ ಬಿಚ್ಚಿ. ಜರಡಿ, ನೀಡಲ್-ಸೀಟ್, ಡಯಾಫ್ರಾಮ್ ಹೊಸದು, ಅಸಲಿ ಮಿಕುನಿ ಕಿಟ್ಟಿನದೇ ಇರಲಿ. ಅಗ್ಗದ ಕಿಟ್ಟಿನ ಡಯಾಫ್ರಾಮ್ ಗಡುಸಾಗಿ ಬೇಡಿಕೆಗೆ ತಕ್ಕಂತೆ ಬಾಗುವುದಿಲ್ಲ. ನೀಡಲ್ ತೋಳು ಕೋಣೆಯ ತಳಕ್ಕೆ ಸಮವಾಗಿರಬೇಕು. ಪೆಟ್ರೋಲ್ ಪಂಪಿನ ಪಲ್ಸ್ ಪೈಪು (ಎಂಜಿನ್ನಿನ ಒತ್ತಡದ ಏರಿಳಿತವನ್ನು ಪಂಪಿಗೆ ತರುವುದು) ಬಿರುಕು ಬಿಟ್ಟಿದೆಯೇ ನೋಡಿ. ಒಂದು ಕಾರ್ಬಿನಿಂದ ಇನ್ನೊಂದಕ್ಕೆ ಕೊಂಡಿ ಪೈಪಿನಲ್ಲಿ ಪೆಟ್ರೋಲ್ ಹೋಗುವುದರಿಂದ ಒತ್ತಡ ಕಡಿಮೆಯಾದಾಗ ಎರಡೂ ಒಟ್ಟಿಗೆ ಒಣಗುವುದಿಲ್ಲ, ಒಂದು ಮೊದಲು ಒಣಗುತ್ತದೆ. ಒಂದೇ ಪಿಸ್ಟನ್ ಹೋಗುತ್ತಿದೆ ಎಂಬ ಕಾರಣಕ್ಕೆ ಟ್ಯಾಂಕಿನ ಕಡೆಯ ತೊಂದರೆಯನ್ನು ತಳ್ಳಿಹಾಕುವಂತಿಲ್ಲ. ಟ್ಯಾಂಕಿನ ಉಸಿರು ಪೈಪಿಗೆ ಬಾಯಿಯಿಂದ ಊದಿ, ಗಾಳಿ ಸಲೀಸಾಗಿ ಟ್ಯಾಂಕಿಗೆ ಹೋಗಬೇಕು. ಚೆಕ್ ವಾಲ್ವ್ ಅಂಟಿಕೊಂಡಿದ್ದರೆ ಟ್ಯಾಂಕಿನಲ್ಲಿ ನಿರ್ವಾತವಾಗಿ ಪೆಟ್ರೋಲ್ ನಿಧಾನಕ್ಕೆ ನಿಲ್ಲುತ್ತದೆ.

ಇ20 ವಿಚಾರ: ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. 1997ರ ಕಾರ್ಬೊರೇಟರ್ ಜೆಟ್ಟಿನಲ್ಲಿ (ಪೆಟ್ರೋಲ್ ಅಳೆದು ಬಿಡುವ ತೂತು) ಇ20 ಹರಿಸಿದರೆ ಮಿಶ್ರಣ ಶೇ. 8ರಷ್ಟು ಲೀನ್ ಆದಂತೆ. ಇದು ಎರಡೂ ಸಿಲಿಂಡರಿಗೆ ಸಮ, ಹಾಗಾಗಿ ನಿಮ್ಮ ರೋಗದ ಮೂಲ ಇದಲ್ಲ. ಆದರೆ ಇದ್ದ ಅಲ್ಪಸ್ವಲ್ಪ ಅಂತರವನ್ನು ತಿಂದುಹಾಕಿದೆ. ಮೇನ್ ಜೆಟ್ ಎರಡು ಸೈಜ್ ದೊಡ್ಡದು ಹಾಕಿ, ಪ್ಲಗ್ ನೋಡಿ ನಿರ್ಧರಿಸಿ.

ಕ್ರ್ಯಾಂಕ್‌ಕೇಸ್:

ಕಾರ್ಬ್ ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ಲೀಕ್ ಟೆಸ್ಟ್ ಮಾಡದೆ ರೀಬಿಲ್ಡ್ ಆದ ಟೂ-ಸ್ಟ್ರೋಕನ್ನು ನೀರಿಗಿಳಿಸುವುದು ದುಡ್ಡು ನೀರಿಗೆ ಹಾಕಿದ ಹಾಗೆ. ಮ್ಯಾಗ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಸೋರಿದರೂ ಲಕ್ಷಣ ಹೀಗೇ ಇರುತ್ತದೆ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಜಾಗಕ್ಕೆ 3 ಎಂಎಂ ರಬ್ಬರ್ ಶೀಟು, ಅದರ ಹಿಂದೆ ಕಬ್ಬಿಣದ ಪಟ್ಟಿ ಇಟ್ಟು ಬಿಗಿಯಿರಿ. ಕಾರ್ಬ್ ತೆಗೆದ ಬಾಯಿಗೂ ಹಾಗೆಯೇ. ಪಲ್ಸ್ ನಿಪ್ಪಲ್ ಮುಚ್ಚಿ, ಪ್ಲಗ್ ಹಾಕಿರಲಿ, ರೇವ್ ವಾಲ್ವ್ ಜಾಗದಲ್ಲೇ ಇರಲಿ. ಕೈಪಂಪಿನಲ್ಲಿ 5 ಪಿಎಸ್‌ಐ ಗಾಳಿ ತುಂಬಿ. ಹೆಚ್ಚು ತುಂಬಬೇಡಿ, ಸೀಲ್ ಎದ್ದು ಹೋದೀತು. ಮೂರು ನಿಮಿಷ ಕಾಯಿರಿ. ಮುಳ್ಳು ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋಪಿನ ನೀರು ಬಳಿದು ಗುಳ್ಳೆ ಹುಡುಕಿ. ನೋಡಬೇಕಾದ ಜಾಗಗಳು: ಫ್ಲೈವೀಲ್ ಹಿಂದಿನ ಸೀಲ್, ಪಿಟಿಓ ಸೀಲ್, ಸಿಲಿಂಡರ್ ಬುಡದ ಪ್ಯಾಕಿಂಗ್, ಕೇಸಿನ ಎರಡು ಹೋಳು ಸೇರುವ ಗೆರೆ, ರೋಟರಿ ಕವರಿನ ಓ-ರಿಂಗ್, ರೇವ್ ವಾಲ್ವಿನ ರಬ್ಬರ್ ಬೂಟು. ಆಮೇಲೆ ಅದೇ ಪಂಪನ್ನು ತಿರುಗಿಸಿ ನಿರ್ವಾತದಲ್ಲೂ ನೋಡಿ. ಕೆಲವು ಸೀಲ್ ಒತ್ತಡಕ್ಕೆ ಬಿಗಿಯಾಗಿ ನಿಂತು, ನಿರ್ವಾತದಲ್ಲಿ ತುಟಿ ಬಿಡುತ್ತವೆ.

ರೋಟರಿ ಗೇರಿನ ಕೋಣೆಯನ್ನು ಬೇರೆಯಾಗಿ ಪರೀಕ್ಷಿಸಬೇಕು. ಆ ಕೋಣೆಗೆ ಆಯಿಲ್ ಟ್ಯಾಂಕಿನಿಂದ ನೇರ ಪೈಪು ಬರುತ್ತದೆ. ನಡುವಿನ ಸೀಲ್ ಹೋಗಿದ್ದರೆ ಎಂಜಿನ್ ಅಲ್ಲಿಂದ ಆಯಿಲ್ ಎಳೆದು ಹೊಗೆ ಉಗುಳುತ್ತದೆ. ಪಂಪ್ ತೆಗೆಯುವ ಯೋಚನೆಗೂ ಇಲ್ಲೇ ಉತ್ತರವಿದೆ. ಪಂಪ್ ತೆಗೆದರೂ ಆಯಿಲ್ ಟ್ಯಾಂಕ್ ಉಳಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ರೋಟರಿ ಗೇರ್ ಒಣಗಿ ಅರೆದುಹೋಗುತ್ತದೆ. ನಿಮ್ಮ ಪಿನ್ ಬೇರಿಂಗಿನಲ್ಲಿ ಆಯಿಲ್ ಇದೆ ಎಂದಿರಿ, ಪಂಪಿನ ಮೇಲೆ ದೂರು ಹಾಕಲು ಸಾಕ್ಷಿ ಇಲ್ಲ. ಪಂಪಿನ ಗುರುತನ್ನು ಗುರುತಿಗೆ ಕೂರಿಸಿ, ಆಯಿಲ್ ಪೈಪಿನ ಗಾಳಿ ತೆಗೆದು, ಸಣ್ಣ ಪ್ಲಾಸ್ಟಿಕ್ ಪೈಪುಗಳು ಗಡುಸಾಗಿದ್ದರೆ ಬದಲಿಸಿ, ಸಾಕು.

ಶರಾವತಿ_ಅಳಿವೆ:

ಎಲ್ಲರಿಗೂ ಧನ್ಯವಾದ. ಬಿಚ್ಚಿ ನೋಡಿದ ಫಲ ಇಲ್ಲಿದೆ. ಮ್ಯಾಗ್ ಕಾರ್ಬಿನ ಜರಡಿ ಮುಕ್ಕಾಲು ಭಾಗ ಹಸಿರು ಅಂಟಿನಿಂದ ಮುಚ್ಚಿತ್ತು, ಪಿಟಿಓ ಕಡೆ ಅಂಚಿನಲ್ಲಿ ಮಾತ್ರ. ಲೀಕ್ ಟೆಸ್ಟಿನಲ್ಲಿ 5 ಪಿಎಸ್‌ಐ ಒಂದು ನಿಮಿಷದಲ್ಲಿ 2ಕ್ಕೆ ಇಳಿಯಿತು. ಗುಳ್ಳೆ ಬಂದದ್ದು ಫ್ಲೈವೀಲ್ ಹಿಂದೆ. ರೇವ್ ಬ್ಲೇಡ್ ಗೋಡೆಗೆ ಸರಿಸಮ ನಿಂತಿದೆ, ಮುಂದೆ ಬಂದಿಲ್ಲ. ಕ್ಲಿಯರೆನ್ಸ್ ಅಳೆದಾಗ 0.075, ಚೀಟಿಯಲ್ಲಿ 0.11. ಈಗ ಸೀಲ್ ಮಾತ್ರ ಬದಲಿಸಲೇ, ಕೇಸ್ ಪೂರ್ತಿ ಬಿಡಿಸಲೇ?

ಕ್ರ್ಯಾಂಕ್‌ಕೇಸ್:

ಪೂರ್ತಿ ಬಿಡಿಸಿ, ಎರಡನೆಯ ಮಾತಿಲ್ಲ. ಪಿಸ್ಟನ್ ಉಜ್ಜಿದಾಗ ಉದುರಿದ ಅಲ್ಯೂಮಿನಿಯಂ ಕೆಳಗಿನ ಬೇರಿಂಗಿನಲ್ಲಿ ಕೂತಿರುತ್ತದೆ. ಮೇಲಿಂದ ಪೆಟ್ರೋಲ್ ಸುರಿದು ಅಲ್ಲಾಡಿಸಿದರೆ ಹೊರಗೆ ಬರುವುದಿಲ್ಲ. ಕ್ರ್ಯಾಂಕನ್ನು ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಲ್ಲಿ ನೋಡಿ, ಓಟ (ತಿರುಗುವಾಗಿನ ಓಲಾಟ) 0.05 ಎಂಎಂ ದಾಟಿದರೆ ಹೊಸ ಸೀಲೂ ಬೇಗ ಹೋಗುತ್ತದೆ. ಸೀಲ್ ಒಂದನ್ನಲ್ಲ, ಎಲ್ಲವನ್ನೂ ಬದಲಿಸಿ. ಕೇಸ್ ಜೋಡಿಸುವಾಗ ಹಳೆಯ ಅಂಟು ಚೂರೂ ಉಳಿಯಬಾರದು, ಹೊಸ ಸೀಲಂಟ್ ತೆಳ್ಳಗೆ.

ಬೋರ್‌ಗೇಜ್:

ಬೋರನ್ನು ಹೋನ್ ಮಾಡಿ (ಸಾಣೆಕಲ್ಲಿನಿಂದ ಉಜ್ಜಿ) ಕ್ಲಿಯರೆನ್ಸನ್ನು 0.11ಕ್ಕೆ ತನ್ನಿ, ಎರಡೂ ಸಿಲಿಂಡರ್. ಮ್ಯಾಗ್ ಬೋರಿನಲ್ಲಿ ಗೀರು ಆಳವಾಗಿದ್ದರೆ ಮುಂದಿನ ಓವರ್‌ಸೈಜ್. ಆಗ ರೇವ್ ಬ್ಲೇಡ್ ಖಂಡಿತ ಮುಂದೆ ಬರುತ್ತದೆ, ಈಗಲೇ ಸರಿಸಮ ನಿಂತಿದೆಯಲ್ಲ. ಹೋನ್ ಆದ ಮೇಲೆ ಬಿಸಿನೀರು ಮತ್ತು ಸೋಪಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಬಿಳಿ ಬಟ್ಟೆಗೆ ಬೂದು ಬಣ್ಣ ಅಂಟುವುದು ನಿಲ್ಲುವವರೆಗೂ ತೊಳೆದು, ತಕ್ಷಣ ಆಯಿಲ್ ಸವರಿ. ಪೆಟ್ರೋಲಿನಲ್ಲಿ ತೊಳೆದರೆ ಹೋನಿಂಗ್ ಪುಡಿ ಹೋಗುವುದಿಲ್ಲ. ಪಿಸ್ಟನ್ ಬಾಣ ಎಕ್ಸಾಸ್ಟ್ ಕಡೆಗೆ.

ಕಾರ್ಬ್_ಮೇಜು:

ಮೊದಲ ಟ್ಯಾಂಕಿಗೆ ಪಂಪ್ ಇದ್ದರೂ 20 ಲೀಟರಿಗೆ 400 ಎಂಎಲ್ ಆಯಿಲ್ ಬೆರೆಸಿ. ಇನ್ನೂ ಸುರಿದರೆ ಒಳ್ಳೆಯದೆಂದು ಲೀಟರುಗಟ್ಟಲೆ ಹಾಕಬೇಡಿ, ಆಯಿಲ್ ಹೆಚ್ಚಾದಷ್ಟೂ ಜೆಟ್ಟಿನಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ಮತ್ತೆ ಲೀನ್ ಆಗುತ್ತದೆ. ರೇವ್ ವಾಲ್ವ್ ಇರುವ ಈ ಎಂಜಿನ್ನಿಗೆ ಎಪಿಐ-ಟಿಸಿ ದರ್ಜೆಯ ಕಡಿಮೆ ಬೂದಿಯ ಆಯಿಲ್ ಬೇಕು, ಔಟ್‌ಬೋರ್ಡಿನ ಟಿಸಿ-ಡಬ್ಲ್ಯು3 ಬೇಡ.

ದಡದಲ್ಲಿ ನೀರಿನ ಪೈಪು ಜೋಡಿಸಿ ಓಡಿಸುವಾಗ ಕ್ರಮ ತಪ್ಪಬಾರದು: ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನಲ್ಲಿ, ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಆಮೇಲೆ ಎಂಜಿನ್. ಹಿಂದುಮುಂದಾದರೆ ನೀರು ಎಕ್ಸಾಸ್ಟಿನಿಂದ ಸಿಲಿಂಡರಿಗೆ ಇಳಿಯುತ್ತದೆ. ಪೆಟ್ರೋಲ್ ಪೈಪು ಬದಲಿಸಿದ ದಿನ ಸೀಟು ತೆಗೆದು ಹಲ್ (ಗಾಡಿಯ ಒಡಲು) ಚೆನ್ನಾಗಿ ಗಾಳಿಯಾಡಲಿ. ಕೈಯಿಂದ ಮುಟ್ಟಿ, ಮೂಸಿ, ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆಯೇ ಸ್ಟಾರ್ಟ್ ಗುಂಡಿ ಒತ್ತಿ. ಮುಚ್ಚಿದ ಒಡಲಿನಲ್ಲಿ ಪೆಟ್ರೋಲ್ ಆವಿ ನಿಂತರೆ ಒಂದು ಕಿಡಿ ಸಾಕು.

ನೀರಿನಲ್ಲಿ ಮೊದಲ ಟ್ಯಾಂಕ್ ಮುಗಿಯುವವರೆಗೆ ಮುಕ್ಕಾಲು ಥ್ರಾಟಲ್ ದಾಟಬೇಡಿ, ಒಂದೇ ವೇಗದಲ್ಲೂ ಹೋಗಬೇಡಿ. ಆಮೇಲೆ ಫುಲ್ ಥ್ರಾಟಲ್ ಕೆಲವೇ ಸೆಕೆಂಡು ಕೊಟ್ಟು, ಚೋಕನ್ನು ಕೂದಲೆಳೆಯಷ್ಟು ಎಳೆದು ನೋಡಿ. ಆರ್‌ಪಿಎಂ ಇಳಿದರೆ ಮಿಶ್ರಣ ಸರಿಯಿದೆ. ಏರಿದರೆ ಇನ್ನೂ ಲೀನ್, ಥ್ರಾಟಲ್ ಬಿಟ್ಟು ದಡಕ್ಕೆ ಬಂದು ಜೆಟ್ ಇನ್ನೊಂದು ಸೈಜ್ ದೊಡ್ಡದು ಮಾಡಿ. ಹೊಸ ಬಿಆರ್8ಇಎಸ್ ಪ್ಲಗ್ ಹಾಕಿ ಫುಲ್ ಥ್ರಾಟಲ್‌ನಲ್ಲೇ ಲ್ಯಾನ್ಯಾರ್ಡ್ (ಸವಾರನಿಗೆ ಕಟ್ಟಿದ ಸುರಕ್ಷತಾ ದಾರ) ಕಿತ್ತು ಎಂಜಿನ್ ನಿಲ್ಲಿಸಿ, ಅಲ್ಲೇ ಬಿಚ್ಚಿ ನೋಡಿ. ಎರಡೂ ಒಂದೇ ಕಂದು ಬಣ್ಣಕ್ಕೆ ಬರುವ ತನಕ ಉದ್ದ ಓಟ ಬೇಡ.