ಗಾರ್ಮೆಂಟ್ಸ್ ಮುಚ್ಚಿತು, ಬಾಕಿ ಬಂದಿಲ್ಲ. ವಿದೇಶಿ ಬ್ರ್ಯಾಂಡ್ ಮೇಲೆ ದೂರು ಕೊಡಬಹುದಾ?

ಲೈನ್ ನಾಲ್ಕು:
ಎಲ್ಲರಿಗೂ ನಮಸ್ಕಾರ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಕಾಲರ್ ಕೂರಿಸುವ ಕೆಲಸ. ರಜೆ ಮುಗಿಸಿ ಬಂದರೆ ಗೇಟಿಗೆ ಬೀಗ. ಸೆಕ್ಯುರಿಟಿಯವರಿಗೂ ಏನೂ ಗೊತ್ತಿಲ್ಲ. ಬಾಕಿ ಸಂಬಳ, ಓಟಿ, ಇಷ್ಟು ವರ್ಷದ ಸರ್ವಿಸ್ ಲೆಕ್ಕ ಯಾವುದೂ ಬಂದಿಲ್ಲ. ಮಾಲೀಕರ ಫೋನ್ ಸ್ವಿಚ್ ಆಫ್. ಲೇಬರ್ ಆಫೀಸಿಗೆ ಅರ್ಜಿ ಕೊಟ್ಟಿದ್ದೇವೆ. ಮಾಲೀಕರೇ ಸಿಗದಿದ್ದರೆ ನೋಟಿಸ್ ಯಾರ ಕೈಗೆ ಕೊಡೋದು ಅಂತ ಅವರು ನಮ್ಮನ್ನೇ ಕೇಳುತ್ತಾರೆ.

ಕೊನೆ ಕೊನೆಗೆ ನಮ್ಮ ಫ್ಲೋರ್‌ನಲ್ಲಿ ಓಡುತ್ತಿದ್ದುದೆಲ್ಲ ಒಂದೇ ಬಯರ್‌ನ ಆರ್ಡರ್. ದೊಡ್ಡ ವಿದೇಶಿ ಬ್ರ್ಯಾಂಡ್, ಹೆಸರು ಬೇಡ. ಅವರ ಆಡಿಟ್ ಇದ್ದ ದಿನ ನಮಗೆಲ್ಲ ಹೊಸ ಮಾಸ್ಕ್, ಮಷೀನಿಗೆ ನೀಡಲ್ ಗಾರ್ಡ್. ಅವರ ಕಾರು ಗೇಟ್ ದಾಟಿದ ಮೇಲೆ ಮಾಸ್ಕ್ ವಾಪಸ್ ಸ್ಟೋರ್‌ಗೆ! ಗೋಡೆ ಮೇಲೆ ಅವರದೇ ನಿಯಮದ ಬೋರ್ಡ್ ಇತ್ತು, ಸಂಬಳ ಸರಿಯಾದ ಸಮಯಕ್ಕೆ ಕೊಡಬೇಕು ಅಂತ. ನಾವು ಅವರಿಗೆ ಮೇಲ್ ಹಾಕಿದೆವು. ಆ ಕಾರ್ಖಾನೆ ನಮ್ಮದಲ್ಲ ಅಂತ ಉತ್ತರ ಬಂತು. ಕಾರ್ಖಾನೆ ಅವರದಲ್ಲ, ಸರಿ. ನಾವು ಹೊಲಿದ ಅಂಗಿ ಅವರದು ತಾನೇ?

ಇಂಥವರ ಮೇಲೆ ದೂರು ಕೊಡೋಕೆ ಎಲ್ಲಾದರೂ ಜಾಗ ಇದೆಯಾ? ವಕೀಲರಿಗೆ ಕೊಡೋಕೆ ನಮ್ಮ ಹತ್ತಿರ ದುಡ್ಡಿಲ್ಲ.

ಸುಮ್ನೆ ಓದುವವ:
ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇಂಥ ಕಂಪನಿಗಳಿಗೆ ಮಾರ್ಗಸೂಚಿ ಅಂತ ಏನೋ ಇದೆ, ಆದರೆ ಅದು ಹಲ್ಲು ಕಿತ್ತ ಹಾವು. ದಂಡ ಹಾಕೋ ಅಧಿಕಾರ ಇಲ್ಲ. ನಿಮ್ಮ ಶಕ್ತಿಯನ್ನೆಲ್ಲ ಮಾಲೀಕನನ್ನು ಹುಡುಕೋಕೆ ಹಾಕಿ.

ಹಳೇ ಸಂಘದವಳು:
ಮಾಲೀಕನನ್ನು ಹುಡುಕೋದು ಬಿಡಬೇಡಿ, ಲೇಬರ್ ಆಫೀಸಿನ ಅರ್ಜಿಯನ್ನೂ ವಾಪಸ್ ತಗೋಬೇಡಿ. ಆದರೆ ಇನ್ನೊಂದು ಬಾಗಿಲು ಇದೆ. ನಾನು ಗಾರ್ಮೆಂಟ್ಸ್ ಸಂಘದಲ್ಲಿ ಕಡತ ನೋಡಿಕೊಳ್ಳುತ್ತಿದ್ದವಳು. ಇಂಥ ದೂರು ಬರೆಯೋಕೆ ಕೂತಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಓಇಸಿಡಿ ಅನ್ನೋ ಸಂಸ್ಥೆ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ, 1976ರಲ್ಲಿ ಬಹುರಾಷ್ಟ್ರೀಯ ಕಂಪನಿಗಳಿಗೆ ಮಾರ್ಗಸೂಚಿ ಮಾಡಿತು. 2011ರಲ್ಲಿ ಅದಕ್ಕೆ ಮಾನವ ಹಕ್ಕುಗಳ ಅಧ್ಯಾಯ ಸೇರಿತು, 2023ರಲ್ಲಿ ಮತ್ತೆ ತಿದ್ದಿದರು. ಒಪ್ಪಿಕೊಂಡ ಪ್ರತಿ ದೇಶವೂ ದೂರು ಕೇಳೋಕೆ ಒಂದು ರಾಷ್ಟ್ರೀಯ ಸಂಪರ್ಕ ಕೇಂದ್ರ ಇಡಬೇಕು. ಚಿಕ್ಕದಾಗಿ ಎನ್‌ಸಿಪಿ ಅಂತಾರೆ. ಭಾರತ ಒಪ್ಪಿಲ್ಲ, ಚೀನಾನೂ ಒಪ್ಪಿಲ್ಲ. ಪರವಾಗಿಲ್ಲ. ಬ್ರ್ಯಾಂಡ್‌ನ ಮುಖ್ಯ ಕಚೇರಿ ಇರುವ ದೇಶ ಒಪ್ಪಿದ್ದರೆ ಸಾಕು, ದೂರು ಅಲ್ಲಿಗೆ ಹೋಗುತ್ತದೆ. ವಕೀಲರು ಕಡ್ಡಾಯ ಅಲ್ಲ.

ಅದು ಕೋರ್ಟ್ ಅಲ್ಲ ಅನ್ನೋದು ನಿಜ. ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಕೊನೆಗೆ ಒಂದು ಹೇಳಿಕೆ ಪ್ರಕಟಿಸುತ್ತಾರೆ. ಕಂಪನಿ ಬರಲ್ಲ ಅಂದರೆ ಎಳೆದು ತರೋಕಾಗಲ್ಲ. ಒಡಿಶಾದ ನಿಯಮಗಿರಿ ಬೆಟ್ಟದ ಡೋಂಗ್ರಿಯಾ ಕೋಂಧ ಆದಿವಾಸಿಗಳ ವಿಷಯದಲ್ಲಿ ವೇದಾಂತ ಅನ್ನೋ ಗಣಿ ಕಂಪನಿ ಮೇಲೆ ಬ್ರಿಟನ್ನಿನ ಎನ್‌ಸಿಪಿಗೆ ದೂರು ಹೋಗಿತ್ತು. ಕಂಪನಿ ಸರಿಯಾಗಿ ಸಹಕರಿಸಲಿಲ್ಲ. ಆದರೂ ಆ ಜನರ ಜೊತೆ ಸರಿಯಾಗಿ ಸಮಾಲೋಚನೆ ಮಾಡಿಲ್ಲ ಅಂತ 2009ರಲ್ಲಿ ಬರೆದು ಪ್ರಕಟಿಸಿದರು.

ಹಣ ಬಂದ ಉದಾಹರಣೆ ಬೇಕಾ? ಕಾಂಗೋದಲ್ಲಿ ಬಿಯರ್ ಕಂಪನಿ ಹೈನೆಕೆನ್‌ನ ಅಂಗಸಂಸ್ಥೆ ಬ್ರಲಿಮಾ ಯುದ್ಧದ ಕಾಲದಲ್ಲಿ ಕೆಲಸದಿಂದ ತೆಗೆದ 168 ಜನ 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಎನ್‌ಸಿಪಿಗೆ ಹೋದರು. 2017ರಲ್ಲಿ ರಾಜಿಯಾಗಿ ಹಣ ಸಿಕ್ಕಿತು. ಹಾಗಾಗಿ ಮೇಲೆ ಬರೆದ ಸಹೋದರರ ಮಾತು ಪೂರ್ತಿ ಸರಿ ಅಲ್ಲ. ಆದರೆ ಬೇಗ ಆಗುತ್ತೆ ಅಂತ ಮಾತ್ರ ಅಂದುಕೋಬೇಡಿ. ಮೊದಲ ಪರಿಶೀಲನೆಗೆ 3 ತಿಂಗಳು, ಒಟ್ಟು ಒಂದು ವರ್ಷದ ಆಸುಪಾಸು ಅಂತ ಗುರಿ ಇಟ್ಟುಕೊಂಡಿದ್ದಾರೆ. ಕಾಂಬೋಡಿಯಾದಲ್ಲಿ ಕಬ್ಬಿನ ತೋಟಕ್ಕೆ ಜಮೀನು ಕಳೆದುಕೊಂಡ ಕುಟುಂಬಗಳು, ಆ ತೋಟದ ಕಂಪನಿಗೆ ಸಾಲ ಕೊಟ್ಟಿದ್ದ ಎಎನ್‌ಝಡ್ ಬ್ಯಾಂಕ್ ಮೇಲೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ದೂರು ಕೊಟ್ಟವು. ಬ್ಯಾಂಕ್ ಹಣ ಕೊಡಲು ಒಪ್ಪಿದ್ದು 2020ರಲ್ಲಿ.

ಈಗ ನಿಮ್ಮ ವಿಷಯ. "ಕಾರ್ಖಾನೆ ನಮ್ಮದಲ್ಲ" ಅನ್ನೋದು ಅಲ್ಲಿ ಪೂರ್ತಿ ಉತ್ತರ ಆಗಲ್ಲ. ಮಾರ್ಗಸೂಚಿ ಮೂರು ಥರ ನೋಡುತ್ತದೆ. ಕಂಪನಿ ತಾನೇ ತೊಂದರೆ ಮಾಡಿತಾ, ತೊಂದರೆ ಆಗೋಕೆ ತಾನೂ ಕಾರಣವಾಯಿತಾ, ಅಥವಾ ವ್ಯವಹಾರದ ಮೂಲಕ ಅದಕ್ಕೆ ನೇರ ನಂಟು ಇದೆಯಾ ಅಂತ. ಬರೀ ನಂಟು ಇದ್ದರೆ ಬ್ರ್ಯಾಂಡ್ ತನ್ನ ಪ್ರಭಾವ ಬಳಸಿ ಸಪ್ಲೈಯರ್ ಮೇಲೆ ಒತ್ತಡ ಹಾಕಬೇಕು, ಅಷ್ಟೇ. ತಾನೂ ಕಾರಣ ಅಂತಾದರೆ ಪರಿಹಾರದಲ್ಲೂ ಪಾಲು ಹೊರಬೇಕು. ನಿಮ್ಮ ದೂರಿನ ಜೀವ ಇರೋದು ಈ ವ್ಯತ್ಯಾಸದಲ್ಲಿ. ಬಹಳ ಜನ ಬ್ರ್ಯಾಂಡ್‌ನ ಲೇಬಲ್ ತೋರಿಸಿ ನಿಲ್ಲಿಸಿಬಿಡುತ್ತಾರೆ. ಲೇಬಲ್ ನಂಟನ್ನು ತೋರಿಸುತ್ತೆ, ಕಾರಣವನ್ನಲ್ಲ.

ಹಾಗಾದರೆ ಕಾರಣ ಹೇಗೆ ತೋರಿಸೋದು? ಕಾರ್ಖಾನೆ ಮುಚ್ಚುವ ಮೊದಲು ಏನಾಯಿತು ಅಂತ ಹುಡುಕಿ. ಬಯರ್ ಪೀಸ್ ರೇಟ್ ಇಳಿಸಿದರಾ? ಆರ್ಡರ್ ಕೊಟ್ಟು, ಬಟ್ಟೆ ಕಟ್ ಆದ ಮೇಲೆ ಕ್ಯಾನ್ಸಲ್ ಮಾಡಿದರಾ? ತಡವಾಯ್ತು ಅಂತ ಬಿಲ್ಲಿನಲ್ಲಿ ಹಣ ಮುರಿದುಕೊಂಡರಾ? ಟೈಲರ್‌ಗಳಿಗೆ ಇದು ಗೊತ್ತಿರಲ್ಲ. ಬಯರ್ ಜೊತೆ ಆರ್ಡರ್ ವ್ಯವಹಾರ ನೋಡಿಕೊಳ್ಳುವ ಮರ್ಚಂಡೈಸರ್‌ಗಳಿಗೆ ಗೊತ್ತಿರುತ್ತೆ. ಅವರ ಸಂಬಳವೂ ಬಾಕಿ ಇರುತ್ತಲ್ವಾ? ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಸೂಪರ್‌ವೈಸರ್ ಮೇಲಿನ ಸಿಟ್ಟು ಆಮೇಲೆ ತೀರಿಸಿಕೊಳ್ಳೋಣ.

ಕೊನೆಯಲ್ಲಿ ಏನು ಕೇಳ್ತೀರಿ ಅನ್ನೋದು ಸ್ಪಷ್ಟವಾಗಿರಲಿ. "ಕಂಪನಿಗೆ ಶಿಕ್ಷೆ ಆಗಲಿ" ಅಂತ ಬರೆದರೆ ಅವರ ಕೈಲಿ ಏನೂ ಆಗಲ್ಲ. ಯಾರಿಗೆ ಎಷ್ಟು ಬಾಕಿ ಅಂತ ಪಟ್ಟಿ ಮಾಡಿ, ಪೇ ಸ್ಲಿಪ್ ಲಗತ್ತಿಸಿ, ಈ ಮೊತ್ತ ಬರಬೇಕು ಅಂತ ಬರೆಯಿರಿ.

ಲೈನ್ ನಾಲ್ಕು:
ತುಂಬಾ ಉಪಕಾರ ಆಯ್ತು ಅಕ್ಕಾ. ಮರ್ಚಂಡೈಸರ್ ಒಬ್ಬರ ಪರಿಚಯ ಇದೆ, ಕೇಳ್ತೀನಿ. ನನ್ನ ಹತ್ತಿರ ಇರೋದು ವಾಶ್ ಕೇರ್ ಲೇಬಲ್ ಒಂದಷ್ಟು, ಮತ್ತೆ ಕಾರ್ಟನ್ ಮುಂದೆ ನಿಂತು ತೆಗೆಸಿಕೊಂಡ ಫೋಟೋ. ಇವು ಸಾಲಲ್ಲ ಅಂತಾಯ್ತಲ್ಲ. ಇನ್ನೊಂದು ಭಯ. ಕೆಲವರು ಈಗ ಬೇರೆ ಗಾರ್ಮೆಂಟ್ಸ್ ಸೇರಿದ್ದಾರೆ. ಹೆಸರು ಹೊರಗೆ ಬಂದರೆ ಅಲ್ಲೂ ಕೆಲಸ ಹೋಗುತ್ತೆ.

ಹಳೇ ಸಂಘದವಳು:
ಸಾಲಲ್ಲ ಅಂದೆ, ಬೇಡ ಅನ್ನಲಿಲ್ಲ. ಒಂದೂ ಬಿಸಾಕಬೇಡಿ. 2013ರಲ್ಲಿ ಬಾಂಗ್ಲಾದೇಶದಲ್ಲಿ ಗಾರ್ಮೆಂಟ್ಸ್‌ಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾವ ಬ್ರ್ಯಾಂಡ್‌ಗೆ ಹೊಲಿಯುತ್ತಿದ್ದರು ಅಂತ ತೋರಿಸೋಕೆ ಆ ಅವಶೇಷದಲ್ಲಿ ಲೇಬಲ್ ಹುಡುಕಬೇಕಾಯಿತು. ಫೋಟೋದಲ್ಲಿ ಕಾರ್ಟನ್ ಮೇಲಿನ ಪಿಒ (ಬಯರ್‌ನ ಖರೀದಿ ಆರ್ಡರ್) ನಂಬರ್, ಸ್ಟೈಲ್ ನಂಬರ್ ಓದೋಕಾಗುತ್ತಾ ನೋಡಿ. ಅಮೆರಿಕಕ್ಕೆ ಹೋಗುವ ಮಾಲಾದರೆ ಲೇಬಲ್ ಮೇಲೆ ಆರ್‌ಎನ್ ಅಂತ ಒಂದು ಸಂಖ್ಯೆ ಇರಬಹುದು. ಅದು ಯಾವ ಕಂಪನಿಯದು ಅಂತ ಅಲ್ಲಿನ ಸರ್ಕಾರಿ ಜಾಲತಾಣದಲ್ಲೇ ಹುಡುಕಬಹುದು. ಬ್ರ್ಯಾಂಡ್ ತನ್ನ ಸಪ್ಲೈಯರ್ ಪಟ್ಟಿ ಹಾಕಿದ್ದರೆ ಇವತ್ತೇ ಆ ಪುಟ ಉಳಿಸಿಕೊಳ್ಳಿ. ಮುಚ್ಚಿದ ಕಾರ್ಖಾನೆಯ ಹೆಸರು ನಾಳೆ ಅಲ್ಲಿ ಇರಲ್ಲ.

ಹೆಸರಿನ ವಿಷಯ: ಕೆಲಸಗಾರರ ಪರವಾಗಿ ಸಂಘವೇ ದೂರು ಕೊಡಬಹುದು. ಕಂಪನಿಗೆ ಹೆಸರು ತಿಳಿಸಬೇಡಿ ಅಂತ ಎನ್‌ಸಿಪಿಯನ್ನು ಕೇಳಬಹುದು, ದೂರಿನ ಮೊದಲ ಪುಟದಲ್ಲೇ ಅದನ್ನು ಬರೆಯಿರಿ. ಆದರೆ ಹಣ ಹಂಚುವ ಮಾತು ಬಂದಾಗ ಯಾರಿಗೆ ಅಂತ ಹೇಳಲೇಬೇಕಾಗುತ್ತೆ. ಇದನ್ನು ಎಲ್ಲರಿಗೂ ಈಗಲೇ ತಿಳಿಸಿ ಒಪ್ಪಿಗೆ ತಗೊಳ್ಳಿ. ಮಾತುಕತೆ ನಡೆಯುವಾಗ ಅಲ್ಲಿ ಆಡಿದ್ದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು, ಅದು ಗುಟ್ಟಾಗಿರಬೇಕು ಅಂತ ನಿಯಮ. ನಮ್ಮವರಿಗೆ ಇದೇ ಕಷ್ಟದ ಕೆಲಸ.

ಕಡತ ಕಟ್ಟುವವ:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆ ಬ್ರ್ಯಾಂಡ್ ನಾರ್ವೆಯಲ್ಲೂ ವ್ಯಾಪಾರ ಮಾಡುವ ದೊಡ್ಡ ಕಂಪನಿಯಾಗಿದ್ದರೆ ಅಲ್ಲಿನ ಪಾರದರ್ಶಕತೆ ಕಾಯ್ದೆ ನೋಡಿ, 2022ರ ಜುಲೈ 1ರಿಂದ ಜಾರಿಯಲ್ಲಿದೆ. ಸಪ್ಲೈಯರ್‌ಗಳ ಬಗ್ಗೆ ಯಾರು ಬೇಕಾದರೂ ಬರಹದಲ್ಲಿ ಮಾಹಿತಿ ಕೇಳಬಹುದು, ಸಾಮಾನ್ಯವಾಗಿ 3 ವಾರದೊಳಗೆ ಉತ್ತರ ಕೊಡಬೇಕು. ದೂರು ಕೊಡುವ ಮೊದಲೇ ಇದನ್ನು ಕೇಳಿದರೆ ಒಳ್ಳೇದು.

ಸುಮ್ನೆ ಓದುವವ:
ಬ್ರಲಿಮಾ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಕೇಳ್ತೀನಿ, ಅದು ಅವರದೇ ಅಂಗಸಂಸ್ಥೆ, ಇದು ಬರೀ ಸಪ್ಲೈಯರ್. ಎರಡೂ ಒಂದೇನಾ?

ಹಳೇ ಸಂಘದವಳು:
ಒಂದೇ ಅಲ್ಲ. ಅದಕ್ಕೇ ಮರ್ಚಂಡೈಸರ್ ಬೇಕು ಅಂದಿದ್ದು. ಲೈನ್ ನಾಲ್ಕು ಅವರೇ, ಅವರ ಹತ್ತಿರ ಕೊನೆಯ ಆರ್ಡರ್‌ನ ಮೇಲ್ ಇದ್ದರೆ ತಾರೀಕು ಕಾಣೋ ಹಾಗೆ ಪ್ರಿಂಟ್ ತೆಗೆಸಿ. ಕರಡು ಬರೆದ ಮೇಲೆ ಹೇಳಿ, ಓದ್ತೀನಿ.