ಹೆಣ್ಣು ಮಗುವಿಗೆ ಬಂದ ಅಕ್ಷರ ‘ಣ’. ಎಂತ ಹೆಸರು ಇಡುವುದು ಮಾರಾಯ್ರೆ?

ನೀರ್ಚಾಲಿನ ಹೊಸ ಅಪ್ಪ

ಎಲ್ಲರಿಗೂ ನಮಸ್ಕಾರ. ನಮಗೆ ಮೊನ್ನೆ ಹೆಣ್ಣು ಮಗು ಹುಟ್ಟಿದೆ, ಕಾಸರಗೋಡಿನ ಆಸ್ಪತ್ರೆಯಲ್ಲಿ. ಬಾಣಂತಿ, ಮಗು ಇಬ್ಬರೂ ಆರಾಮ. ಆರಾಮ ಇಲ್ಲದ್ದು ನನಗೆ ಮಾತ್ರ. ಹೆಸರು ಹುಡುಕುವ ಕೆಲಸ ನನ್ನ ತಲೆಗೆ ಬಿದ್ದಿದೆ.

ನಕ್ಷತ್ರ ಹಸ್ತ, ಮೂರನೇ ಪಾದ. ಹಸ್ತಕ್ಕೆ ಪೂ, ಷ, ಣ, ಠ ಅಂತ ಅಕ್ಷರಗಳು. ಲೆಕ್ಕ ಹಾಕಿ ನೋಡಿದರೆ ನಮ್ಮ ಕೂಸಿನ ಪಾಲಿಗೆ ‘ಣ’. ಣ-ದಿಂದ ಶುರುವಾಗುವ ಒಂದು ಹೆಸರು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ಇನ್ನು ಸ್ವಲ್ಪ ಹೊತ್ತು ಬಿಟ್ಟು ಹುಟ್ಟಿದ್ದರೆ ‘ಠ’ ಸಿಗುತ್ತಿತ್ತು, ಅದೂ ಏನು ದೊಡ್ಡ ಉಪಕಾರ ಅಲ್ಲ. ಜೋಯಿಸರು ‘ನ’ದಲ್ಲಿ ಇಟ್ಟರೂ ಅಡ್ಡಿ ಇಲ್ಲ ಅಂದರು. ಅಪ್ಪನಿಗೆ ಸಮಾಧಾನ ಇಲ್ಲ.

ಹೆಂಡತಿಗೆ ಪಯಸ್ವಿನಿ ಅಂತ ಆಸೆ. ಅವಳ ತವರು ಅಡೂರಿನ ಹತ್ತಿರ, ಪಯಸ್ವಿನಿ ಹೊಳೆ ಬದಿಯಲ್ಲೇ ಆಡಿ ಬೆಳೆದವಳು. ಅದಕ್ಕೆ ಅಪ್ಪನ ತಕರಾರು: ಹೊಳೆಯ ಹೆಸರು ಹೆಣ್ಣುಮಕ್ಕಳಿಗೆ ಇಡಬಾರದಂತೆ. ಯಾಕೆ ಅಂದರೆ, ‘ಹಿರಿಯರು ಹೇಳಿದ್ದು’ ಅಂತ ಅಲ್ಲಿಗೇ ನಿಲ್ಲಿಸುತ್ತಾರೆ.

ಅಜ್ಜಿಯದ್ದು ಬೇರೆಯೇ ಪಕ್ಷ. ಅವರ ಅತ್ತೆಯ ಹೆಸರು ದೇವಕಿ, ಅದನ್ನೇ ಇಡಬೇಕು. ಇಡದಿದ್ದರೂ ಸರಿ, ಆದರೆ ಅಂಗಳದಲ್ಲಿ ನಿಂತು ಕರೆದರೆ ತೋಟದ ಕೆಳಗಿನವರೆಗೆ ಕೇಳುವ ಹೆಸರು ಬೇಕು. ಸುಮ್ನೆ ಹೇಳುವುದಲ್ಲ, ಪರೀಕ್ಷೆಯೂ ಮಾಡುತ್ತಾರೆ. ನಾನು ಮೊಬೈಲ್ ನೋಡಿ ಹೆಸರು ಓದುವುದು, ಅವರು ಜಗಲಿಯ ಕಂಬ ಹಿಡಿದುಕೊಂಡು ತೋಟದ ಕಡೆಗೆ ಕರೆಯುವುದು. ನಿನ್ನೆ ‘ಅನ್ವೀ’ ಅಂತ ಕರೆದಾಗ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರು ಮಣೆಯಿಂದ ಎದ್ದು ಬಂದು, ‘ಎಂತ ಅಕ್ಕಾ, ಹಾವಾ?’ ಅಂತ ಕೇಳಿದರು. ಅನ್ವಿ ಅಲ್ಲಿಗೆ ಮುಗಿಯಿತು.

ನನ್ನ ತಲೆಬಿಸಿ ಇದು ಯಾವುದೂ ಅಲ್ಲ. ಅಪ್ಪನ ಹೆಸರು ಗೋಪಾಲಕೃಷ್ಣ. ಜಾಗದ ರೆಕಾರ್ಡಿನಲ್ಲಿ ಹಾಗೇ ಉಂಟು. ರೇಷನ್ ಕಾರ್ಡಿನಲ್ಲಿ ಮಾತ್ರ ಯಾರೋ ಗೋಪಾಲಕೃಷ್ಣನ್ ಮಾಡಿಟ್ಟರು. ಆ ಒಂದು ‘ನ್’ ತೆಗೆಸಲು ಅವರು ಹತ್ತಿದ ಮೆಟ್ಟಿಲು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಮಗಳನ್ನು ಮನೆಯಲ್ಲಿ ಹವ್ಯಕದಲ್ಲಿ ಕರೆಯುತ್ತಾರೆ, ಪೇಟೆಯಲ್ಲಿ ತುಳುವಿನಲ್ಲಿ, ಆಫೀಸಿನಲ್ಲಿ ಮಲಯಾಳದಲ್ಲಿ. ಎಲ್ಲಿ ಹೋದರೂ ಒಂದೇ ಥರ ಉಳಿಯುವ ಹೆಸರು ಬೇಕು. ಅರ್ಥವೂ ಚೆನ್ನಾಗಿರಬೇಕು. ನೆಟ್ಟಿನ ಪಟ್ಟಿಗಳನ್ನು ನಂಬುವ ಹಾಗಿಲ್ಲ. ಒಂದೇ ಹೆಸರಿಗೆ ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಬೆಳಕು, ಮತ್ತೊಂದು ಕಡೆ ರಾಜಕುಮಾರಿ ಅಂತ ಬರೆದಿರುತ್ತಾರೆ.

ಆಸ್ಪತ್ರೆಯ ಫಾರಂ ಬೇರೆ ಕೈಯಲ್ಲಿ ಉಂಟು. ಅದರಲ್ಲಿ ಹೆಸರು ಈಗಲೇ ಬರೆಯಬೇಕಾ?

ಕುಂಬಳೆ ಸೀಮೆ ಭಟ್ರು

ಭಾವಾ, ಅಕ್ಷರಕ್ಕೆ ಇಷ್ಟು ಹೆದರಬೇಡಿ. ನಾಮಕರಣದಲ್ಲಿ ಹೆಸರು ಒಂದೇ ಅಲ್ಲವಲ್ಲ. ಕುಲದೇವರ ಹೆಸರು, ಮಾಸನಾಮ, ನಕ್ಷತ್ರನಾಮ, ಕೊನೆಗೆ ವ್ಯಾವಹಾರಿಕ ನಾಮ. ಅಕ್ಕಿಯ ಮೇಲೆ ಉಂಗುರದಲ್ಲಿ ಬರೆಯುವಾಗ ನೋಡಿಲ್ವಾ? ನಕ್ಷತ್ರದ ಹೆಸರು ಪೂಜೆ, ಸಂಕಲ್ಪಕ್ಕೆ. ಶಾಲೆ, ಬ್ಯಾಂಕು, ಮದುವೆ ಕಾಗದಕ್ಕೆ ವ್ಯಾವಹಾರಿಕ ನಾಮ. ಅದಕ್ಕೆ ‘ಣ’ ಬೇಕು ಅಂತ ಹಠ ಹಿಡಿಯುವವರನ್ನು ನಾನು ಕಂಡಿಲ್ಲ.

ಹೊಳೆಯ ಹೆಸರಿನ ವಿಷಯ. ನಿಮ್ಮ ಅಪ್ಪ ಸುಮ್ಮನೆ ಹೇಳಿದ್ದಲ್ಲ. ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿ ನಕ್ಷತ್ರ, ಮರ, ನದಿಯ ಹೆಸರಿರುವ ಕನ್ಯೆ ಬೇಡ ಅಂತ ಉಂಟು. ಆದರೆ ಅದನ್ನು ಪಾಲಿಸಿದ್ದರೆ ನಮ್ಮ ಸೀಮೆಯ ರೋಹಿಣಿ, ರೇವತಿ, ತುಳಸಿ, ಗಂಗಾ, ಕಾವೇರಿ ಯಾರಿಗೂ ಮದುವೆಯೇ ಆಗುತ್ತಿರಲಿಲ್ಲ! ಅಪ್ಪನ ಹತ್ತಿರ ಇಷ್ಟು ಹೇಳಿ ನೋಡಿ. ಅವರ ಸ್ವಂತ ಅಕ್ಕತಂಗಿಯರಲ್ಲೇ ಒಂದು ನದಿ ಇರಬಹುದು.

ಪಯಸ್ವಿನಿ ಅಂದರೆ ಹಾಲು ತುಂಬಿದ ಹಸು, ನೀರು ತುಂಬಿದ ನದಿ. ಹೆಣ್ಣು ಮಗುವಿಗೆ ಇದಕ್ಕಿಂತ ಒಳ್ಳೆಯ ಅರ್ಥ ಎಲ್ಲಿಂದ ತರುತ್ತೀರಿ?

ಪೆರ್ಲದ ರಿಟೈರ್ಡ್ ಟೀಚರ್

ಹಾಜರಿ ಕರೆದು ಕರೆದು ಗಂಟಲು ಹೋದವಳು ನಾನು. ಹೆಸರಿನ ಕಷ್ಟ ನನಗೆ ಗೊತ್ತು.

‘ನ್’ ಸೇರುವ ತೊಂದರೆ ಗಂಡುಮಕ್ಕಳಿಗೆ. ನಾರಾಯಣ ಹೋಗಿ ನಾರಾಯಣನ್, ರಾಘವ ಹೋಗಿ ರಾಘವನ್. ಮಲಯಾಳದಲ್ಲಿ ಅದೇ ಸಹಜ, ಬರೆಯುವವರು ಬೇಕೆಂದು ಮಾಡುವುದಲ್ಲ. ಹೆಣ್ಣುಮಕ್ಕಳಿಗೆ ತೊಂದರೆ ಬೇರೆ. ಕೊನೆಯ ದೀರ್ಘ ಅಲ್ಲಿ ಹ್ರಸ್ವ ಆಗುತ್ತದೆ. ನಮ್ಮ ವಿದ್ಯಾ ಅಲ್ಲಿ ವಿದ್ಯ. ಇದು ದೊಡ್ಡದಲ್ಲ. ದೊಡ್ಡದು ಮೊದಲ ಅಕ್ಷರ. ಗ, ಜ, ದ, ಬ, ರ ಇಂಥವು ಮೊದಲಿಗೆ ಬಂದರೆ ಅವರ ಬಾಯಲ್ಲಿ ಅಕಾರ ಎಕಾರದ ಕಡೆಗೆ ವಾಲುತ್ತದೆ. ಗಂಗಾ ಗೆಂಗ ಆಗುತ್ತಾಳೆ. ರಮ್ಯಾ ರೆಮ್ಯ ಆಗುತ್ತಾಳೆ. ಮಾತಿನಲ್ಲಿ ಇದ್ದರೆ ಚಂದವೇ. ಆದರೆ ಅದು ಇಂಗ್ಲಿಷ್ ಸ್ಪೆಲ್ಲಿಂಗಿಗೂ ಇಳಿಯುತ್ತದೆ. ಕೇರಳದಲ್ಲಿ ರಮ್ಯಾ, ರಜನಿ, ರಂಜಿತ್ ಎಲ್ಲರಿಗೂ ‘ಆರ್’ (R) ಆದ ಮೇಲೆ ‘ಇ’ (E) ಹಾಕುವವರು ತುಂಬಾ ಜನ. ಅದೇ ಹುಡುಗಿ ಮುಂದೆ ಮಂಗಳೂರಿಗೆ ಕಾಲೇಜಿಗೆ ಹೋದರೆ ಅಲ್ಲಿಯವರು ‘ಎ’ (A) ಹಾಕಿ ಬರೆಯುತ್ತಾರೆ. ಆಮೇಲೆ ಎರಡು ಸರ್ಟಿಫಿಕೇಟು, ಎರಡು ಹುಡುಗಿ.

ಪಯಸ್ವಿನಿಯಲ್ಲಿ ಈ ತೊಂದರೆ ಇಲ್ಲ. ಪ ಹಾಗೇ ಉಳಿಯುತ್ತದೆ, ಕೊನೆಯ ‘ನಿ’ ಎರಡೂ ಭಾಷೆಯಲ್ಲಿ ಒಂದೇ. ದೇವಕಿಯೂ ಗಟ್ಟಿ ಹೆಸರೇ. ಮಲಯಾಳಿಗಳಿಗೂ ಅದು ಮನೆಯ ಹೆಸರು.

ಮತ್ತೆ, ಅಕ್ಷರ ಕಷ್ಟದ್ದು ಅಂತ ಹೆಸರು ಬಿಡಬೇಕಾಗಿಲ್ಲ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ನೋಡಿ, ಎರಡೆರಡು ಞ. ಘಟ್ಟದ ಮೇಲಿನವರು ಇವತ್ತಿಗೂ ಅದನ್ನು ಹತ್ತು ಥರ ಬರೆಯುತ್ತಾರೆ. ಅವರು ಆ ಹೆಸರಿನಲ್ಲೇ ನೂರು ವರ್ಷ ತುಂಬಿ ಬಾಳಿದರು.

ಹೊಸದುರ್ಗದ ಸೊಸೆ

ಪಯಸ್ವಿನಿ ಇಡಿ, ಆದರೆ ಒಂದು ಎಚ್ಚರಿಕೆ. ಶಾಲೆಯಲ್ಲಿ ಮಕ್ಕಳು ‘ಪಾಯಸಂ’ ಅಂತ ಕರೆದೇ ಕರೆಯುತ್ತಾರೆ. ಓಣಂ ಬಂದರೆ ಮುಗಿಯಿತು! ನನ್ನ ನಾದಿನಿಯ ಮಗಳು ಕ್ಷೀರಜಾಗೆ ಅದೇ ಗತಿ ಆಗಿತ್ತು. ಈಗ ಅವಳೇ ನಗುತ್ತಾಳೆ.

ನಮ್ಮ ಗಂಡನ ಮನೆಯಲ್ಲಿ ಹೆಸರಿಡುವುದು 28ನೇ ದಿನ, ಸೊಂಟಕ್ಕೆ ಕಪ್ಪು ನೂಲು ಕಟ್ಟಿ. ನನ್ನ ತವರಿನಲ್ಲಿ 12ನೇ ದಿನಕ್ಕೇ ಆಗಬೇಕು. ನಮ್ಮ ಮಗುವಿಗೆ ಎರಡೂ ಮಾಡಿದೆವು. 12ಕ್ಕೆ ನನ್ನ ಅಮ್ಮನಿಗೆ ಬೇಕಾದ ಹೆಸರು, 28ಕ್ಕೆ ಅತ್ತೆಗೆ ಬೇಕಾದ ಹೆಸರು. ಸರ್ಟಿಫಿಕೇಟಿನಲ್ಲಿ ಬಂದದ್ದು ಮೂರನೆಯದ್ದು, ನಾವಿಬ್ಬರೂ ಆರಿಸಿದ್ದು. ಯಾರೂ ಜಗಳ ಮಾಡಲಿಲ್ಲ. ನೀವು ಇನ್ನೂ ಒಂದೇ ದಿನದಲ್ಲಿ ಎಲ್ಲರನ್ನೂ ಒಪ್ಪಿಸಬೇಕು, ಪಾಪ.

ಅಕ್ಷಯದಲ್ಲಿ ಕೂತವನು

ಅಣ್ಣಾ, ಫಾರಂ ವಿಷಯ ನಾನು ಹೇಳ್ತೇನೆ. ಅಕ್ಷಯ ಅಂದರೆ ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ, ಅಲ್ಲಿ ನನಗೆ ಇದೇ ಕೆಲಸ. ಜನನವನ್ನು 21 ದಿನದ ಒಳಗೆ ನೋಂದಾಯಿಸಬೇಕು. ಹೆಸರು ಆವಾಗಲೇ ಬೇಕು ಅಂತ ಇಲ್ಲ. ಆ ಕಾಲಂ ಖಾಲಿ ಬಿಡಬಹುದು. ನೋಂದಣಿ ಆದ ಮೇಲೆ 12 ತಿಂಗಳ ಒಳಗೆ ಹೆಸರು ಸೇರಿಸಿದರೆ ಲೇಟ್ ಫೀಸೂ ಇಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮ ಪೆನ್ನು ಹಿಡಿದು ನಿಂತರು ಅಂತ ಗಡಿಬಿಡಿಯಲ್ಲಿ ಏನಾದರೂ ಬರೆದು ಕೊಡಬೇಡಿ. ಸೇರಿಸುವುದು ಸುಲಭ, ಬದಲಾಯಿಸುವುದು ಕಷ್ಟ.

2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟು, ಆಧಾರ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಹಾಗಾಗಿ ಅದರಲ್ಲಿ ಇರುವ ಸ್ಪೆಲ್ಲಿಂಗ್ ಮುಂದೆ ಎಲ್ಲ ಕಡೆ ಹೋಗುತ್ತದೆ. ಹೆರಿಗೆ ಮಂಗಳೂರಿನಲ್ಲಿ ಆಗಿದ್ದರೆ ಅಲ್ಲಿಯೇ ನೋಂದಣಿ, ಕನ್ನಡದಲ್ಲಿ ಸಿಗುತ್ತಿತ್ತು. ನಿಮ್ಮದು ಕಾಸರಗೋಡು, ಹಾಗಾಗಿ ಮಲಯಾಳ ಮತ್ತು ಇಂಗ್ಲಿಷ್. ಆಧಾರ್ ಮಾಡಿಸುವಾಗ ಇಂಗ್ಲಿಷಿನಲ್ಲಿ ಹೊಡೆದದ್ದನ್ನು ಕಂಪ್ಯೂಟರ್ ತಾನೇ ಮಲಯಾಳಕ್ಕೆ ತಿರುಗಿಸುತ್ತದೆ, ತಪ್ಪುವುದೇ ಜಾಸ್ತಿ. ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ ಅಂತ ಹೇಳಿ, ಓದಿ, ಆಮೇಲೆ ಸರಿ ಅನ್ನಿ. ಮಲಯಾಳ ಓದಲು ಬರದಿದ್ದರೆ ಬರುವವರನ್ನು ಕರಕೊಂಡು ಹೋಗಿ.

ಇನಿಶಿಯಲ್ ಹಾಕುವುದಿದ್ದರೆ ಈಗಲೇ ತೀರ್ಮಾನ ಮಾಡಿ. ಒಂದು ಕಡೆ ಹೆಸರಿನ ಹಿಂದೆ, ಇನ್ನೊಂದು ಕಡೆ ಮುಂದೆ ಆಗಬಾರದು. ಪಾಸ್‌ಪೋರ್ಟಿನ ಹೊತ್ತಿಗೆ ಅದು ತಲೆನೋವು.

ನೀರ್ಚಾಲಿನ ಹೊಸ ಅಪ್ಪ

ಭಟ್ರೇ, ನೀವು ಹೇಳಿದ್ದು ಸರಿಯಾಯಿತು. ಅಪ್ಪನ ದೊಡ್ಡಕ್ಕನ ಹೆಸರು ಯಮುನಾ! ಅಪ್ಪ ಸ್ವಲ್ಪ ಹೊತ್ತು ಪೇಪರ್ ಓದಿದರು, ಆಮೇಲೆ ‘ಆಯಿತು, ನಕ್ಷತ್ರನಾಮ ಮಾತ್ರ ಸರಿಯಾಗಿ ಇಡಿ’ ಅಂದರು.

ಅಜ್ಜಿ ಪಯಸ್ವಿನಿಯನ್ನೂ ಕರೆದು ನೋಡಿದರು. ಕೊನೆಗೆ ‘ನೀ’ ಅಂತ ಎಳೆಯಬಹುದು, ಹಾಗಾಗಿ ಪಾಸ್. ಆದರೆ ತಾನು ದೇವಕಿ ಅಂತಲೇ ಕರೆಯುವುದು ಅಂತ ಖಡಾಖಂಡಿತವಾಗಿ ಹೇಳಿದ್ದಾರೆ.

ಟೀಚರೇ, ಒಂದು ಪ್ರಶ್ನೆ ಉಳಿಯಿತು. ಇಂಗ್ಲಿಷಿನಲ್ಲಿ ‘ಸ್ವಿ’ಗೆ ‘ವಿ’ ಹಾಕುವುದಾ, ‘ಡಬ್ಲ್ಯು’ ಹಾಕುವುದಾ?

ಪೆರ್ಲದ ರಿಟೈರ್ಡ್ ಟೀಚರ್

ಡಬ್ಲ್ಯು ಹಾಕಿ. ತೇಜಸ್ವಿನಿ, ಯಶಸ್ವಿನಿ ಎಲ್ಲ ಇಲ್ಲಿ ಹೆಚ್ಚಾಗಿ ಹಾಗೇ ಬರೆಯುವುದು, ನೋಡಿದವರಿಗೆ ಅಭ್ಯಾಸ ಉಂಟು. ಅಕ್ಷಯದ ಹುಡುಗನಿಗೆ ಬಾಯಲ್ಲಿ ಹೇಳಬೇಡಿ. ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಕೊಡಿ.