ಸಹಾಯ ಬೇಕು: ಅಪ್ಪಯ್ಯನಿಗೆ ಪತ್ರಿಕೆ ಓದಲು ಒಂದು ಆ್ಯಪ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಗೆ ಮಳೆಗಾಲದಲ್ಲಿ ಪತ್ರಿಕೆ ತಲುಪುವಷ್ಟರಲ್ಲಿ ಮಧ್ಯಾಹ್ನವಾಗುವುದರಿಂದ, 78 ವರ್ಷದ ಅಪ್ಪಯ್ಯನಿಗೆ ಮೊಬೈಲಿನಲ್ಲೇ ಓದುವ ವ್ಯವಸ್ಥೆ ಮಾಡಿಕೊಡಬೇಕೆಂದಿದ್ದೇನೆ. ಅವರಿಗೆ ಮೊದಲು ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಕಾಣಬೇಕು (ರಾಶಿ, ಬೆಟ್ಟೆ, ಸರಕು, ಗೊರಬಲು ಬಗೆಗಳಲ್ಲಿ ಒಂದೂ ಬಿಡುವಂತಿಲ್ಲ), ಆಮೇಲೆ ಜಿಲ್ಲೆಯ ಸುದ್ದಿ ಮತ್ತು ಸಂಪಾದಕೀಯ. ಸಿನಿಮಾ ಪುಟ ಬೇಡವೇ ಬೇಡ.

ಬೇಕಾದ ಪತ್ರಿಕೆಗಳ ಆರ್‌ಎಸ್‌ಎಸ್ ಫೀಡ್ (ಜಾಲತಾಣದ ಹೊಸ ಸುದ್ದಿಗಳು ತಾವಾಗಿಯೇ ಬಂದು ಸೇರುವ ಪಟ್ಟಿ) ಸೇರಿಸಿಕೊಳ್ಳುವ ಆ್ಯಪ್ ಒಂದನ್ನು ಹಾಕಿ ನೋಡಿದೆ. ಶೀರ್ಷಿಕೆಗಳ ಅಕ್ಷರವೇನೋ ದೊಡ್ಡದಾಯಿತು. ಆದರೆ ಫೀಡಿನಲ್ಲಿ ಬರುವುದು ಎರಡು ಸಾಲಿನ ಸಾರಾಂಶವಷ್ಟೇ ಆದ್ದರಿಂದ, ಪೂರ್ತಿ ಸುದ್ದಿಗೆ ಒತ್ತಿದೊಡನೆ ಜಾಲತಾಣ ತೆರೆದು ಅಕ್ಷರ ಮತ್ತೆ ಸಾಸಿವೆಯಷ್ಟಾಗುತ್ತದೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಜಗಲಿಯ ತುದಿಯಲ್ಲಿ ಮಾತ್ರ. ಹಾಗಾಗಿ ಬೆಳಿಗ್ಗೆ ಒಮ್ಮೆ ಪೂರ್ತಿ ಸುದ್ದಿಯನ್ನು ಇಳಿಸಿಕೊಂಡು, ಒಳಗೆ ಕುಳಿತು ದೊಡ್ಡ ಅಕ್ಷರದಲ್ಲಿ ಓದಲು ಬರುವ ಆ್ಯಪ್ ಬಳಸುತ್ತಿರುವವರು ಅದರ ಹೆಸರನ್ನೂ ಹೊಂದಿಸುವ ಕ್ರಮವನ್ನೂ ದಯವಿಟ್ಟು ತಿಳಿಸಿ.